ಅಗುಳು ನೋಡುವವಳು

ಯಂತ್ರಕ್ಕೆ ಕಣ್ಣಿಲ್ಲ. ನಡೆಸುವ ನನಗೂ ಇಲ್ಲ.
ಕಾಕಸಸ್ ಬೆಟ್ಟದ ಹೊಟ್ಟೆಯಲ್ಲಿ, ಬಾಯಿಂದ ನಾಲ್ಕು ಸಾವಿರ ಮೀಟರು ಒಳಗೆ
ಗಾಜಿನ ಕೋಣೆ, ಒಂದು ಕುರ್ಚಿ, ಒಂಬತ್ತು ಮುಳ್ಳು:
ಒತ್ತಡ, ತಿರುಚುಬಲ, ಸುತ್ತು, ನಿಮಿಷಕ್ಕೆ ಎಷ್ಟು ಬೆರಳು ಮುಂದೆ.
ಬಂಡೆ ಇರುವುದು ಉಕ್ಕಿನ ಮೊಗದ ಆಚೆ.
ನಾನದನ್ನು ಕಂಡಿಲ್ಲ.

ಕೊರೆಯುತ್ತದೆ ಎನ್ನುತ್ತಾರೆ ಊರಿನವರು. ಎಲ್ಲಿ ಬಂತು ಕೊರೆತ?
ನಲವತ್ತೆರಡು ಬಿಲ್ಲೆಗಳು ಕಲ್ಲಿನ ಮೇಲೆ ಉರುಳುತ್ತವೆ, ಅಷ್ಟೆ,
ಒತ್ತಿ, ಒತ್ತಿ, ತಂತಮ್ಮ ಜಾಡಿನಲ್ಲೇ, ಗಾಣದೆತ್ತಿನ ಹಾಗೆ.
ಈ ಜಾಡಿನಿಂದೊಂದು ಬಿರುಕು ಒಳಗೆ ಹೋಗುತ್ತದೆ,
ಆ ಜಾಡಿನಿಂದೊಂದು.
ಕತ್ತಲಲ್ಲಿ ಅವೆರಡೂ ಒಂದನ್ನೊಂದು ಮುಟ್ಟಿದಾಗ
ನಡುವಿನ ಕಲ್ಲು ತಾನಾಗಿ ಕಳಚಿ ಬೀಳುತ್ತದೆ.

ಸಿಡಿಮದ್ದಿನ ಕಾಲದವನು ನನ್ನಪ್ಪ. ನೋಡಲು ಬಂದವನು
ಸುತ್ತ ಒಮ್ಮೆ ತಿರುಗಿ ಕೇಳಿದ್ದು ಒಂದೇ:
"ಸಿಡಿಯುವಾಗ ಎಲ್ಲಿ ನಿಲ್ಲುತ್ತೀರಿ?"

ಒಡಕು ಬಂಡೆ ನಮಗೆ ಹಬ್ಬ, ಮೊದಮೊದಲು.
ಅರ್ಧ ಕೆಲಸ ಬೆಟ್ಟವೇ ಮಾಡಿಟ್ಟಿರುತ್ತದೆ;
ಹಳೆಯ ಸೀಳುಗಳು ಓರೆಯಾಗಿ ಎದುರು ಬಂದು
ಬಿಲ್ಲೆಗೆ ದಾರಿ ಬಿಡುತ್ತವೆ.
ಒಂದು ವಾರ, ದಿನಕ್ಕೆ ಮೂವತ್ತೊಂದು ಮೀಟರು!
ಚೀನೀ ಮೇಸ್ತ್ರಿ ಲಿಯಾಂಗ್‌ಪಿಂಗ್ ಹಲಗೆಯ ಮೇಲೆ ಅಂಕಿ ಬರೆದು
ಕೆಳಗೊಂದು ಮೀನು ಬಿಡಿಸಿದ. ಯಾಕೆಂದು ಹೇಳಲಿಲ್ಲ.

ಹಿಂದೆ, ಓಡುವ ಪಟ್ಟಿಯ ಪಕ್ಕ, ಮಂಕು ದೀಪದ ಕೆಳಗೆ
ತ್ಸಿಯಾಲಾ ನಿಂತಿರುತ್ತಾಳೆ, ಗವಸು ಒಂದೇ ಕೈಗೆ.
ಬರಿಗೈಯಲ್ಲಿ ಕಲ್ಲಿನ ಚಿಪ್ಪೊಂದನ್ನು ಎತ್ತುತ್ತಾಳೆ,
ಅನ್ನ ಬೆಂದಿತೇ ಎಂದು ಒಂದಗುಳು ಹಿಸುಕುವ ಹಾಗೆ.
ಅಂಗೈಯುದ್ದ, ತೆಳ್ಳಗೆ, ಅಂಚು ಹರಿತ: ಸರಿ.
ಬರೀ ಹಿಟ್ಟು: ಬಿಲ್ಲೆ ಸವೆದಿದೆ, ಇಲ್ಲವೇ ನಾನು ಸಾಕಷ್ಟು ಒತ್ತುತ್ತಿಲ್ಲ.
ಕುಂಬಳಕಾಯಿಯಷ್ಟು ಗುಂಡುಗಳು, ಮಾಸಿದ ಮೈ,
ತುಕ್ಕಿನ ಬಣ್ಣ ಬಳಿದುಕೊಂಡವು ಬಂದರೆ
ಅವನ್ನು ನಾವು ಮುರಿಯಲಿಲ್ಲ.
ಯಾವ ಕಾಲದಲ್ಲೋ ಮುರಿದು, ಸುಮ್ಮನೆ ಆತುಕೊಂಡು ನಿಂತಿದ್ದವು.

ಬಾರ್ಬರೋಬಾದ ಬೆಳಿಗ್ಗೆ, ಡಿಸೆಂಬರ್ ಹದಿನೇಳು,
ಸುರಂಗದ ಬಾಯಲ್ಲಿ ಸಂತ ಬಾರ್ಬರಾಳಿಗೆ ಮೇಣದ ಬತ್ತಿ ಹಚ್ಚಿ
ಕಾಳು ತುಂಬಿದ ಲೋಬಿಯಾನಿ ರೊಟ್ಟಿ ಕಂಕುಳಲ್ಲಿಟ್ಟು ಒಳಗೆ ಬಂದೆವು.
ಹನ್ನೊಂದರ ಸುಮಾರಿಗೆ ತಿರುಚುಬಲದ ಮುಳ್ಳು ನಡುಗಿತು.
ಅವಸರದವನು ಮಾಡುವುದನ್ನೇ ಮಾಡಿದೆ: ಇನ್ನಷ್ಟು ಒತ್ತಿದೆ.
ಫೋನಿನಲ್ಲಿ ಅವಳ ದನಿ: "ಜುಂಬೆರ್, ಇಳಿಸು."
ಇನ್ನೊಂದು ಗೇಣು, ಎಂದೆ.
"ಕುಂಬಳಕಾಯಿ ಬರ್ತಿದೆ ಕಣೋ. ಇಳಿಸು."

ಇಳಿಸಿದೆ. ತಡವಾಗಿತ್ತು.
ಯಂತ್ರದ ತಲೆ ಸಿಕ್ಕಿಕೊಂಡಿತು, ಬಾಯ್ತುಂಬ ತುರುಕಿಕೊಂಡ ಮಗುವಿನ ಹಾಗೆ
ನುಂಗಲಾರದೆ, ಉಗುಳಲಾರದೆ.
ಮೋಟಾರು ನಿಂತ ಮೇಲೆ ಬೆಟ್ಟ ಕೇಳಿಸಿತು:
ಎಲ್ಲೋ ನೀರು. ಎಲ್ಲೋ ಕಲ್ಲಿನ ಮೇಲೆ ಕಲ್ಲು ಕೂರುವ ಸದ್ದು,
ಮುದುಕರು ಬೆಂಚಿನ ಮೇಲೆ ಜಾಗ ಮಾಡಿಕೊಂಡಂತೆ.

ಒಂದು ಗೇಣು ಹಿಂದೆ ಸರಿದೆವು. ನಾನು ಮುಂದೆ ಕೇಳಿದ್ದೂ ಅಷ್ಟೇ.
ನೆತ್ತಿಗೆ ಬಲೆ, ಬಲೆಗೆ ಮೊಳೆ, ಮೇಲೆ ಎರಚಿದ ಸಿಮೆಂಟು;
ಬೆಟ್ಟಕ್ಕೆ ಬ್ಯಾಂಡೇಜು ಸುತ್ತುವುದರಲ್ಲಿ ಸಂಜೆಯಾಯಿತು.

ರೊಟ್ಟಿ ತಣ್ಣಗಾಗಿತ್ತು. ತ್ಸಿಯಾಲಾಳ ಬರಿಗೈ ಬೆರಳು ಒಡೆದಿದ್ದವು,
ಸೀಳಿನೊಳಗೆ ಕಲ್ಲಿನ ಹುಡಿ.
ಆ ಕೈಯಲ್ಲೇ ಮುರಿದು ಕೊಟ್ಟಳು.
ತೆಳ್ಳಗಿದ್ದಲ್ಲಿ ಮುರಿಯಿತು, ಕಾಳು ಉದುರಿದವು.
"ದೊಡ್ಡದು ನಿನ್ನ ಕಡೆ ಬಂತು," ಎಂದಳು, ಸ್ವಲ್ಪ ಬೇಸರದಿಂದ.

ಒತ್ತಡ ಅರ್ಧ. ಸುತ್ತು ಅರ್ಧ.
ಕಣ್ಣು ಕಾಣದ ಅಜ್ಜಿ ಬಂದವರ ಮುಖ ಸವರುವ ಹಾಗೆ
ಅದೇ ಯಂತ್ರ, ಮತ್ತೆ ಮುಂದಕ್ಕೆ.
ರಾತ್ರಿಯೊಳಗೆ ಒಂದೂವರೆ ಮೀಟರು. ಹಲಗೆಯ ಮೇಲೆ ಮೀನಿಲ್ಲ.
ಪುಟ್ಟ ಪರದೆಯಲ್ಲಿ ಅವಳು ಇನ್ನೂ ಅಗಿಯುತ್ತ
ಚಿಪ್ಪೊಂದನ್ನು ದೀಪಕ್ಕೆ ಹಿಡಿದಿದ್ದಾಳೆ, ತಿರುಗಿಸುತ್ತಿದ್ದಾಳೆ.
ಫೋನು ಸುಮ್ಮನಿದೆ.
ಗುಂಡಿಯ ಮೇಲೆ ಬೆರಳಿಟ್ಟು ನಾನೂ ಸುಮ್ಮನಿದ್ದೇನೆ.